ಎಳ್ಳಮಾಸಿಯ ಮರುದಿನದ ತೂಕ

ಗಿರಣಿಯ ಮೋಟರಿನ ಗುಂಡಿ ಒತ್ತುವ ಮೊದಲು ರಾಜಮಾಬಿ ಕಾಟಾ ನೋಡುತ್ತಾಳೆ. ಚೀಲ ತೂಗುವ ಹಳೆಯ ಕಬ್ಬಿಣದ ಕಾಟಾ ಅದು. ಕೆಳಗೆ ಒಬ್ಬ ಮನುಷ್ಯ ನಿಲ್ಲುವಷ್ಟು ಅಗಲದ ಹಲಗೆ, ಮೇಲೆ ಗೆರೆ ಕೊರೆದ ಹಿತ್ತಾಳೆಯ ದಾಂಡಿ, ದಾಂಡಿಯ ಮೇಲೆ ಆಚೀಚೆ ಸರಿಯುವ ಗುಂಡು. ಮೊದಲು ಅರಿವೆಯ ತುಂಡಿನಿಂದ ಹಲಗೆಯ ಮೇಲಿನ ಹಿಟ್ಟು ಒರೆಸುತ್ತಾಳೆ. ಆಮೇಲೆ ಗೋಡೆಯ ಗೂಡಿನಿಂದ ಐದು ಕಿಲೋದ ಕಲ್ಲು ತಂದು ಹಲಗೆಯ ನಡುವೆ ಇಟ್ಟು, ಗುಂಡನ್ನು ಐದರ ಗೆರೆಗೆ ಸರಿಸಿ, ಸುಮ್ಮನೆ ನಿಂತು ನೋಡುತ್ತಾಳೆ. ದಾಂಡಿ ಸಮ ನಿಂತರೆ "ಬಿಸ್ಮಿಲ್ಲಾ" ಎಂದು ಗುಂಡಿ ಒತ್ತುತ್ತಾಳೆ. ನಿಲ್ಲದಿದ್ದರೆ ತಿರುಪು ತಿರುಗಿಸಿ ಸಮ ಮಾಡಿದ ಮೇಲೆಯೇ ಗಿರಣಿ ಶುರು. ಜ್ವರ ಬಂದ ದಿನ, ಮಗಳ ಮದುವೆಯ ಮರುದಿನ, ರಮಜಾನಿನ ಉಪವಾಸ, ಯಾವತ್ತೂ ಇದು ತಪ್ಪಿದ್ದಿಲ್ಲ.

ಬುಟ್ಟಿ ಇಳಿಸಿ ಸಾಲಿನಲ್ಲಿ ನಿಂತ ಹೆಂಗಸರಿಗೆ ಬೇಸರ ಬರುತ್ತದೆ.

"ನಿನ್ನಿ ಸಮ ಇದ್ದಿದ್ದು ರಾತ್ರ್ಯಾಗ ಎಲ್ಲಿ ಹೊಕ್ಕೈತ್ರಿ?" ಎಂದು ಯಾರಾದರೂ ಕೇಳುತ್ತಾರೆ.

"ಇಲಿ ಓಡ್ಯಾಡತಾವ, ಹಿಟ್ಟು ಕೂಡತೈತಿ. ಕಬ್ಬಿಣಕ್ಕೂ ಥಂಡಿ ಹತ್ತತೈತಿ," ಎನ್ನುತ್ತಾಳೆ ಆಕೆ. ಅಷ್ಟೇ.

ಗಿರಣಿ ಇರುವುದು ಮಿಶ್ರಿಕೋಟಿಯಲ್ಲಿ, ಬಸ್ಸು ನಿಲ್ಲುವ ಜಾಗದ ಹಿಂದಿನ ಓಣಿಯಲ್ಲಿ. ಆಕೆಯ ಗಂಡ ದಾವೂದಸಾಬ ಹೂಡಿದ್ದು. ಮೋಟರಿನ ಸಪ್ಪಳದಲ್ಲಿ ನಿಂತೂ ನಿಂತೂ ಆತನ ಕಿವಿ ಮಂದವಾದ ಮೇಲೆ ಗಿರಣಿ ರಾಜಮಾಬಿಯ ಕೈಗೆ ಬಂತು. ಆತ ಈಗ ಹೊರಗಿನ ಕಟ್ಟೆಯ ಮೇಲೆ ಕೂತು ಹರಿದ ಚೀಲ ಹೊಲಿಯುತ್ತಾನೆ. ಒಬ್ಬಳೇ ಮಗಳು ರುಬಿಯಾ, ಅವಳನ್ನು ತಂಬೂರಕ್ಕೆ ಕೊಟ್ಟಿದ್ದಾರೆ. ರಾಜಮಾಬಿಗೆ ಅರವತ್ತು ದಾಟಿದೆ. ಹುಬ್ಬು ನಿಜವಾಗಿ ಬೆಳ್ಳಗಾಗಿವೆಯೋ ಹಿಟ್ಟಿನಿಂದ ಬೆಳ್ಳಗಿವೆಯೋ ಹೇಳುವುದು ಕಷ್ಟ.

ಇಷ್ಟೇ ಆಗಿದ್ದರೆ ಎಲ್ಲ ಊರಿನ ಗಿರಣಿಯವರ ಹಾಗೆ ಆಕೆಯೂ ಒಬ್ಬಳು. ಆದರೆ ರಾಜಮಾಬಿಗೆ ಕಬಡ್ಡಿಯ ಹುಚ್ಚು.

ಆಕೆ ಚಿಕ್ಕವಳಿದ್ದಾಗ ಊರಲ್ಲಿ ಅದಕ್ಕೆ ಹುತುತು ಎನ್ನುತ್ತಿದ್ದರಂತೆ. ಸುಗ್ಗಿ ಮುಗಿದ ಕಣದಲ್ಲಿ ಅಣ್ಣಂದಿರು ಆಡುತ್ತಿದ್ದರು. ಹುಡುಗಿಯರು ಅತ್ತ ಸುಳಿಯುವಂತಿರಲಿಲ್ಲ. ಮಾಳಿಗೆಯ ಮೇಲೆ ಒಣಗಲು ಹಾಕಿದ ಮೆಣಸಿನಕಾಯಿ ಕಾಯುವುದು ಈಕೆಯ ಕೆಲಸ. ಅಲ್ಲಿ ಕೂತೇ ಆಟ ಕಲಿತಳು. "ಕೆಳಗ ಆಡಾವ ತನ್ನ ಮುಂದ ನಿಂತವನ್ನ ಅಷ್ಟ ನೋಡ್ತಾನ. ಮ್ಯಾಲೆ ಕುಂತಾಕಿಗೆ ಎಲ್ಲಾರೂ ಕಾಣ್ತಾರ," ಎಂದು ಒಮ್ಮೆ ನನಗೆ ಹೇಳಿದ್ದಳು. ಈಗ ಊರಲ್ಲಿ ಎಲ್ಲಿ ಆಟವಿದ್ದರೂ ಚೀಲವೊಂದನ್ನು ನಾಲ್ಕು ಮಡಿಕೆ ಮಾಡಿ ಬಗಲಲ್ಲಿ ಇಟ್ಟುಕೊಂಡು ಹೋಗಿ, ಗೆರೆಯ ಪಕ್ಕ ಹಾಸಿಕೊಂಡು ಕೂರುತ್ತಾಳೆ. ಮಿಶ್ರಿಕೋಟಿಯ ಹುಡುಗರು ಸೋತರೆ ಆ ದಿನ ಮನೆಯಲ್ಲಿ ಚಹಾಕ್ಕೆ ಸಕ್ಕರೆ ಮರೆಯುತ್ತಾಳೆ ಎಂದು ದಾವೂದಸಾಬ ದೂರುತ್ತಾನೆ.

ನಮ್ಮ ಕಡೆಯ ಹಳ್ಳಿಗಳಲ್ಲಿ ಕಬಡ್ಡಿ ತೂಕದ ಮೇಲೆ ನಡೆಯುತ್ತದೆ. ಅರವತ್ತು ಕಿಲೋದ ಆಟ ಎಂದರೆ ತಂಡದಲ್ಲಿ ಯಾರೂ ಅರವತ್ತು ದಾಟುವಂತಿಲ್ಲ. ಆಟದ ದಿನ ಬೆಳಿಗ್ಗೆ ತೂಗುತ್ತಾರೆ, ದಾಟಿದವನನ್ನು ಹೊರಗೆ ಕೂರಿಸುತ್ತಾರೆ. ಅದಕ್ಕೆಂದೇ ಆಟದ ದಿನಗಳು ಬಂದವೆಂದರೆ ಹುಡುಗರು ಮನೆಯಲ್ಲಿ ರೊಟ್ಟಿ ಬಿಟ್ಟು ಬರೀ ಮಜ್ಜಿಗೆ ಕುಡಿದು ತಿರುಗುತ್ತಾರೆ, ತಾಯಂದಿರು ಬೈಯುತ್ತಾರೆ. ರಾಜಮಾಬಿಯ ಕಾಟಾ ಸುಳ್ಳು ಹೇಳುವುದಿಲ್ಲ ಎಂಬ ಮಾತು ಸುತ್ತಲಿನ ಊರಿಗೆಲ್ಲ ಹಬ್ಬಿದೆ. ಹುಬ್ಬಳ್ಳಿಗೆ ಕೆಲಸಕ್ಕೆ ಹೋಗಿಬರುವ ತಂಬೂರದ ಹುಡುಗರು, ದುಮ್ಮವಾಡದ ಹುಡುಗರು, ಬೈಕಿನ ಮೇಲೆ ಸುತ್ತು ಹಾಕಿ ಬಂದು ಚಪ್ಪಲಿ ಕಳೆದು ಇದರ ಮೇಲೆ ನಿಲ್ಲುತ್ತಾರೆ. ಆಕೆ ಕಾಳು ಸುರಿಯುವುದನ್ನು ಬಿಟ್ಟು ಬಂದು ಗುಂಡು ಸರಿಸುತ್ತಾಳೆ. ತೂಕದ ಜೊತೆಗೆ ಇನ್ನೂ ಏನೇನೋ ನೋಡಿಕೊಳ್ಳುತ್ತಾಳೆ. ಯಾವ ಹುಡುಗ ಯಾವ ಕಾಲು ಮೊದಲು ಇಟ್ಟ, ಇಳಿಯುವಾಗ ಗೋಡೆ ಹಿಡಿದನೇ, ಯಾರ ಮುಖದಲ್ಲಿ ಹಸಿವು ಹೆಚ್ಚು.

ಹೀಗೆ ನೋಡಿ ನೋಡಿ ಈ ಸಲ ಯಾರು ಗೆಲ್ಲುತ್ತಾರೆ ಎಂದು ಹೇಳುತ್ತಾಳೆ. ಜನ ಕೇಳುತ್ತಾರೆ, ಕೇಳಿ ನಗುತ್ತಾರೆ, ಆದರೂ ಕೇಳುತ್ತಾರೆ. ಹೋದ ವರ್ಷ ದುಮ್ಮವಾಡ ಎಂದಿದ್ದಳು. ದುಮ್ಮವಾಡದವರು ಎಲ್ಲರಿಗಿಂತ ಕೆಳಗೆ ಉಳಿದರು. ಆ ಮಾತನ್ನು ಸಾಲಿನಲ್ಲಿ ನಿಂತವರು ಇಂದಿಗೂ ಬಿಟ್ಟಿಲ್ಲ.

ಈ ವರ್ಷ ಎಂಟು ಊರು ಸೇರಿ ಎರಡು ಗುಂಪು ಮಾಡಿಕೊಂಡಿದ್ದವು. ಗುಂಪಿನಲ್ಲಿ ಮೊದಲು ಬಂದ ಊರು ಮಾತ್ರ ಕಲಘಟಗಿಯ ಫೈನಲಿಗೆ ಹೋಗುವುದು. ಮಿಶ್ರಿಕೋಟಿ ಒಮ್ಮೆಯೂ ತನ್ನ ಗುಂಪಿನಲ್ಲಿ ಮೊದಲು ಬಂದದ್ದಿಲ್ಲ. ಈ ಸಲ ಬರುವ ಹಾಗಿತ್ತು. ದುಮ್ಮವಾಡದವರ ಆಟಗಳೆಲ್ಲ ಮುಗಿದು ಅವರು ಒಂದು ಅಂಕ ಮುಂದೆ ಕೂತಿದ್ದರು. ಮಿಶ್ರಿಕೋಟಿ ಮತ್ತು ತಂಬೂರ ಸಮ ಇದ್ದವು. ಉಳಿದದ್ದು ಇವೆರಡರ ನಡುವಿನ ಒಂದೇ ಆಟ, ಅದೂ ಮಿಶ್ರಿಕೋಟಿಯಲ್ಲೇ. ಗೆದ್ದ ಊರು ಕಲಘಟಗಿಗೆ ಹೋಗುತ್ತದೆ. ಆಟ ಸಮವಾದರೆ ಮೂರೂ ಊರು ಸಮ ಬಂದು, ಎಲ್ಲ ಆಟ ಸೇರಿ ಹೆಚ್ಚು ಪಾಯಿಂಟು ಗಳಿಸಿದ ದುಮ್ಮವಾಡ ಹೋಗುತ್ತದೆ.

ಇದಕ್ಕೆ ಎಂಟು ದಿನ ಮೊದಲು ಮಲಕಪ್ಪ ಗೋಧಿ ಬೀಸಿಸಲು ಬಂದ. ಬಾಡಿಗೆ ಟ್ರ್ಯಾಕ್ಟರ್ ಹೊಡೆಯುವ ಅವನೇ ನಮ್ಮೂರ ತಂಡದ ಮ್ಯಾನೇಜರ.

"ಹೇಳಬೇ ಅಕ್ಕಾ, ಯಾರದಾಕ್ಕೈತಿ?"

ರಾಜಮಾಬಿ ಗೋಧಿಯಲ್ಲಿ ಕೈಯಾಡಿಸಿದಳು. "ಗೋಧಿ ಹಸಿ ಐತಿ. ಇನ್ನೊಂದು ಬಿಸಲು ಕಾಣಬೇಕಿತ್ತು."

"ಗೋಧಿ ಬಿಡು. ತಂಬೂರದ ಸುದ್ದಿ ಹೇಳು."

"ತಂಬೂರದವ್ರು ಹಿಡಿದ್ರಂದ್ರ ಬಿಡಂಗಿಲ್ಲ. ಆ ಮುಜಫರ್ ಕಾಲಿಗೆ ಬಿದ್ನಂದ್ರ ಹಗ್ಗ ಬಿಗದಂಗ. ಆದ್ರ ರೇಡ್ ಹೋಗಾಕ ಅವರಲ್ಲಿ ಒಬ್ಬನ ಹುಡುಗ. ಅವನ ಎಡಗಾಲು ನೆಟ್ಟಗಿಲ್ಲ. ಹೋದ ವಾರ ಇದರ ಮ್ಯಾಲೆ ನಿಂತಾಗ ಭಾರ ಎಲ್ಲಾ ಬಲಕ್ಕ ಹಾಕಿದ್ದ."

"ಹಂಗಾದ್ರ ನಮ್ಮದ ಅನ್ನು."

"ನಮ್ಮಲ್ಲಿ ಹಿಡಿಯಾವ್ರು ಯಾರದಾರೋ? ನಿನ್ನ ತಂಗೀ ಮಗ ಮೊನ್ನಿ ಬಂದವನ್ನ ಹಿಡಿಯೂದ ಬಿಟ್ಟು ಬಾಜೂಕ ಸರದು ದಾರಿ ಕೊಟ್ಟ, ಬೀಗರು ಬಂದಂಗ."

ಸಾಲಿನ ಹೆಂಗಸರು ಸೆರಗು ಬಾಯಿಗೆ ಹಿಡಿದರು. ಮಲಕಪ್ಪನೂ ನಕ್ಕ. "ಹೋದ ವರ್ಷ ದುಮ್ಮವಾಡ ಅಂದಾಕಿ ನೀನ ಅಲ್ಲೇನು?"

"ಅಂದಿದ್ದೆ. ಆ ಹುಡುಗ್ರು ನಡುವ ಜಗಳಾಡಿ ಎರಡು ಪಾರ್ಟಿ ಆಗ್ತಾರಂತ ಕಾಟಾದಾಗ ಕಾಣ್ಸಂಗಿಲ್ಲ." ಆಕೆ ಗೋಧಿಯನ್ನು ಮೇಲಿನ ಡಬ್ಬಿಗೆ ಸುರಿದಳು. "ಈಗ ಕೇಳು. ನಮ್ಮದೆಲ್ಲಾ ರೇಡಿಗೆ ಹೋಗೋ ಮಾಂತೇಶನ ಮ್ಯಾಲೆ ಐತಿ. ಅವಾ ಇದ್ರ ಹತ್ತರಾಗ ಆರು ಪಾಲು ನಮ್ಮದು. ಇಲ್ಲಾಂದ್ರ ಮೂರು."

"ಮಾಂತೇಶ ಯಾಕಿರಂಗಿಲ್ಲ? ಗಟ್ಟಿ ಅದಾನ."

"ಎಳ್ಳಮಾಸಿ ಯಾವತ್ತೈತಿ?"

ಮಲಕಪ್ಪ ಬೆರಳು ಮಡಿಚಿ ಎಣಿಸಿದ. ಆಟದ ದಿನ ಗೊತ್ತು ಮಾಡಿದವರು ತಾರೀಖು ನೋಡಿದ್ದರು, ತಿಥಿ ನೋಡಿರಲಿಲ್ಲ. ಎಳ್ಳು ಅಮಾವಾಸ್ಯೆಯ ಮರುದಿನವೇ ಆಟ ಬಂದಿತ್ತು. ಅಮಾವಾಸ್ಯೆಯ ದಿನ ಒಕ್ಕಲುತನದ ಮನೆಯವರೆಲ್ಲ ಹೊಲಕ್ಕೆ ಹೋಗಿ, ಭೂಮಿತಾಯಿಗೆ ಎಡೆ ಹಿಡಿದು, ಮಾಡಿದ ಅಡುಗೆಯನ್ನೇ ಚರಗವೆಂದು ಪೈರಿನ ಮೇಲೆ ಚೆಲ್ಲಿ, ಅಲ್ಲೇ ಕೂತು ಉಣ್ಣಬೇಕು. ಸಜ್ಜೆಯ ಕಡಬು, ಎಳ್ಳು ಹೋಳಿಗೆ, ಶೇಂಗಾ ಹೋಳಿಗೆ, ಪುಂಡಿಪಲ್ಯ, ಎಣ್ಣೆಗಾಯಿ. ಪಕ್ಕದ ಹೊಲದವರು ಕರೆದರೆ ಅಲ್ಲೂ ಕೂರಬೇಕು. ಹೊಟ್ಟೆ ತುಂಬಿದೆ ಎನ್ನುವ ಮಾತಿಗೆ ಆ ದಿನ ಬೆಲೆ ಇಲ್ಲ.

"ತಂಬೂರದಾಗೂ ಎಳ್ಳಮಾಸಿ ಐತೆಲಾ," ಎಂದ ಮಲಕಪ್ಪ.

"ಐತಿ. ಆದ್ರ ಅವರ ತಂಡದಾಗ ನಾಕು ಮಂದಿ ನಮ್ಮ ಸಾಬರ ಪೈಕಿ. ಅವರನ್ನೂ ಊಟಕ್ಕ ಕರೀತಾರ, ಹೋಗ್ತಾರ, ಸಾಕಂದ್ರ ಬಿಡ್ತಾರ. ಪರಾವರ ಮಗಗ ಅಷ್ಟು ಒತ್ತಾಯ ಇರಂಗಿಲ್ಲ. ನಮ್ಮಲ್ಲಿ ಏಳೂ ಮಂದಿ ತಮ್ತಮ್ಮ ಅಜ್ಜಿ ಮುಂದ ಕುಂತು ಉಣ್ಣಾವ್ರು." ಆಕೆ ಬೆರಳೆತ್ತಿದಳು. "ಎಲ್ಲಾರಿಗೂ ಹೇಳಿಬಿಡು. ಪ್ರಸಾದಕ್ಕ ಒಂದು ಕಡಬು. ಅದರ ಮ್ಯಾಲೆ ನೀರು ಸುದ್ದಾ ಬ್ಯಾಡ."

ತೂಗುವುದೂ ಈ ಸಲ ಆಕೆಯ ಗಿರಣಿಯಲ್ಲೇ ಎಂದು ಗೊತ್ತಾಗಿತ್ತು. ಹೋದ ವರ್ಷ ಯಾರೋ ತಂದ ಹೊಸ ಗಾಜಿನ ಕಾಟಾ ನೆಲ ತಗ್ಗಾದಲ್ಲಿ ಒಂದು, ದಿಬ್ಬವಾದಲ್ಲಿ ಒಂದು ತೋರಿಸಿ ಎರಡು ಊರಿನವರು ಕೈಕೈ ಮಿಲಾಯಿಸಿದ್ದರು. ಆಕೆ ಮೊದಲು ಒಲ್ಲೆ ಎಂದಳು. ಅದನ್ನು ಕೇಳಲು ಬಂದವನು ತಂಬೂರದ ಕ್ಯಾಪ್ಟನ್ ಮುಜಫರನೇ. ರುಬಿಯಾಳ ಮೈದುನ ಅವನು, ರಾಜಮಾಬಿಗೆ ಖಾಲಾ ಎನ್ನುತ್ತಾನೆ.

"ನಾ ಮಿಶ್ರಿಕೋಟಿ ಕಡೆಯಾಕಿ ಅಂತ ಎಲ್ಲಾರಿಗೂ ಗೊತ್ತೈತಿ," ಎಂದಳು ಆಕೆ.

"ಅದಕ್ಕ ಖಾಲಾ. ಗೊತ್ತಿದ್ದಾವ್ರು ಚಲೋ. ಗೊತ್ತಿಲ್ಲದಾವ್ರನ್ನ ಎಲ್ಲಿ ಹುಡುಕೂಣು?"

ಎಳ್ಳಮಾಸಿಯ ದಿನ ಮಾಂತೇಶನ ತಾಯಿ ಅನ್ನಪೂರ್ಣಾ ಎಂದಿನಂತೆ ರಾಜಮಾಬಿಯನ್ನೂ ಹೊಲಕ್ಕೆ ಕರೆದಳು. ಪ್ರತಿವರ್ಷ ಆ ಮನೆಯ ಕಡಬಿಗೆ ಸಜ್ಜೆ ಬೀಸಿಕೊಡುವವಳು ಆಕೆಯೇ. ಚಕ್ಕಡಿ ಹೋಗಿ ಟ್ರ್ಯಾಕ್ಟರ್ ಬಂದಿದೆ, ಉಳಿದದ್ದೆಲ್ಲ ಮೊದಲಿನಂತೆಯೇ. ಬೇವಿನ ಗಿಡದ ಬುಡಕ್ಕೆ ಐದು ಕಲ್ಲಿಟ್ಟು ಸುಣ್ಣ ಹಚ್ಚಿ ಪೂಜೆ ಮಾಡಿದರು. ಕಡಲೆಯ ಬೆಳೆಯಲ್ಲಿ ಸುತ್ತಿ ಚರಗ ಚೆಲ್ಲಿ ಬಂದರು. ಎಲ್ಲರೂ ಕಂಬಳಿಯ ಮೇಲೆ ಸಾಲಾಗಿ ಕೂತರು.

ಮಾಂತೇಶ ಬರುವುದೇ ಇಲ್ಲ ಎಂದಿದ್ದ. ಅಜ್ಜಿ ಅತ್ತಿದ್ದರಿಂದ ಬಂದಿದ್ದ. ಅವನ ಮುಂದೆ ಒಂದೇ ಕಡಬು ಇತ್ತು. ಅದರಲ್ಲಿ ಅರ್ಧ ಮುರಿದು ತಿಂದು, ಉಳಿದರ್ಧವನ್ನು ನೋಡುತ್ತ ಕೂತಿದ್ದ.

"ಇವನ ಮಾರಿ ನೋಡ್ರಿ ಚಾಚಿ," ಎಂದಳು ಅನ್ನಪೂರ್ಣಾ. "ಗಲ್ಲ ಒಳಗ ಹೋಗ್ಯಾವ. ಹಬ್ಬದಾಗ ಎಲ್ಲಾರ ಮಕ್ಕಳು ಉಣ್ಣಾಕತ್ತಾವ, ನನ್ನ ಮಗ ಕಡಬಿನ ಕೂಡ ಮಾತಾಡಾಕತ್ತಾನ."

ಹಿಂದಿನ ಸಂಜೆಯಷ್ಟೇ ರಾಜಮಾಬಿ ಅವನನ್ನು ತೂಗಿದ್ದಳು. ಅರವತ್ತಕ್ಕೆ ಇನ್ನೂ ಸ್ವಲ್ಪ ಕಡಿಮೆಯೇ ಇತ್ತು. ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಇವನು ತಿಂದದ್ದು ಅರ್ಧ. ಇನ್ನೊಂದು ತಿಂದರೂ ಬೆಳಗಾಗುವುದರೊಳಗೆ ಇಳಿಯುತ್ತದೆ. ಬುಟ್ಟಿಯಿಂದ ಒಂದು ಕಡಬು ತೆಗೆದು, ತುಪ್ಪದಲ್ಲಿ ಅದ್ದಿ, ಅವನ ಬಾಯಿಗೆ ಹಿಡಿದಳು.

"ತಿನ್ನಲೇ. ಇದು ನನ್ನ ಲೆಕ್ಕದಾಗ ಐತಿ."

ಅವನು ಆಕೆಯ ಮುಖ ನೋಡಿದ. ಕಾಟಾದ ಒಡತಿಯೇ ಕೊಟ್ಟ ಮೇಲೆ ಇನ್ನೇನು ಎಂದು ಬಾಯಿ ತೆರೆದ.

ಅಜ್ಜಿ ಅದನ್ನು ನೋಡಿದಳು. ಒಬ್ಬರ ಕೈತುತ್ತು ತಿಂದವನು ಇನ್ನೊಬ್ಬರ ಕೈಗೆ ಬೇಡ ಎನ್ನುವಂತಿಲ್ಲ. ಎಂದರೆ ಆ ಕೈಯನ್ನು ಹಗುರ ಮಾಡಿದ ಹಾಗೆ. ಅಜ್ಜಿ ಒಂದು ಹೋಳಿಗೆ ಮಡಿಚಿ ಅವನ ಬಾಯಿಗಿಟ್ಟಳು. ಆಮೇಲೆ ಚಿಕ್ಕಮ್ಮ. ಆಮೇಲೆ ವರ್ಷಕ್ಕೊಮ್ಮೆ ಬರುವ ಸೋದರಮಾವ, ಅವನ ಹೆಂಡತಿ. ತಾಯಿ ಬಿಡುತ್ತಾಳೆಯೇ? ಮೂರನೆಯ ಕೈ ಮುಂದೆ ಬಂದಾಗಲೇ ರಾಜಮಾಬಿಗೆ ತಾನು ಮಾಡಿದ್ದು ತಿಳಿಯಿತು.

"ಸಾಕು ಬಿಡ್ರಿ ಯಕ್ಕಾ, ನಾಳಿ ಆಟ ಐತಿ," ಎಂದಳು.

ಅಜ್ಜಿ ಇನ್ನೊಂದು ತುತ್ತು ಕಲೆಸುತ್ತ ಹೇಳಿದಳು: "ನೀ ಕೊಟ್ಟಾಗ ಆಟ ಇರಲಿಲ್ಲೇನು?"

ತಿರುಗಿ ಬರುವಾಗ ಎರಡು ಹೊಲದವರು ಟ್ರ್ಯಾಕ್ಟರ್ ನಿಲ್ಲಿಸಿ ಕೂಗಿದರು. ಅಲ್ಲಿಯೂ ಮಾಂತೇಶ ಇಳಿದ.

ಮರುದಿನ ಹೊತ್ತು ಹುಟ್ಟುವ ಮೊದಲೇ ಎರಡೂ ತಂಡದವರು, ಆಟ ನಡೆಸುವವರು ಗಿರಣಿಯ ಮುಂದೆ ನಿಂತಿದ್ದರು. ರಾಜಮಾಬಿ ಎಂದಿನಂತೆ ಹಲಗೆ ಒರೆಸಿ ಐದು ಕಿಲೋದ ಕಲ್ಲು ಇಟ್ಟಳು. ದಾಂಡಿ ಸಮ ನಿಂತಿತು. ಎಲ್ಲರೂ ಬಗ್ಗಿ ನೋಡಿ ತಲೆ ಆಡಿಸಿದರು. ತಂಬೂರದವರು ಒಬ್ಬೊಬ್ಬರೇ ಏರಿ ಇಳಿದರು. ಅವರಲ್ಲಿ ಇಬ್ಬರು ಅರವತ್ತಕ್ಕೆ ಮುಟ್ಟಿದಂತಿದ್ದರು, ದಾಟಿರಲಿಲ್ಲ. ನಮ್ಮೂರ ಆರು ಹುಡುಗರೂ ಸರಿ ಬಂದರು. ಕೊನೆಗೆ ಮಾಂತೇಶ ಅಂಗಿ ಬಿಚ್ಚಿ, ಕೊರಳಿನ ತಾಯತವನ್ನೂ ತೆಗೆದು ತಾಯಿಯ ಕೈಗೆ ಕೊಟ್ಟು, ಚಡ್ಡಿಯ ಮೇಲೆ ಹತ್ತಿದ.

ದಾಂಡಿ ಮೇಲೆದ್ದು ಟಕ್ ಎಂದು ಬಡಿಯಿತು. ಆಕೆ ಗುಂಡನ್ನು ಸರಿಸುತ್ತ ಹೋದಳು.

"ಅರವತ್ತರ ಮ್ಯಾಲೆ ಮುನ್ನೂರು," ಎಂದಳು.

ಹತ್ತು ಗಂಟೆಯವರೆಗೆ ಸಮಯವಿತ್ತು. ಮಾಂತೇಶ ಮೈತುಂಬ ಕಂಬಳಿ ಹೊದ್ದು ಕಲಘಟಗಿ ರಸ್ತೆಯಲ್ಲಿ ಓಡಿದ. ಹಿಂದೆ ಮಲಕಪ್ಪ ಬೈಕಿನ ಮೇಲೆ. ಬೆವರಿ ತೊಯ್ದು ಬಂದು ಹತ್ತಿದರೆ ಇನ್ನೂರು ಗ್ರಾಂ ಉಳಿದಿತ್ತು. ಯಾರೋ ಕತ್ತರಿ ತಂದು ಅವನ ತಲೆಗೂದಲು ಕತ್ತರಿಸಿದರು. ಶುಕ್ರವಾರವಷ್ಟೇ ಹುಬ್ಬಳ್ಳಿಗೆ ಹೋಗಿ ಮಾಡಿಸಿಕೊಂಡು ಬಂದ ಕಟಿಂಗ ಅದು, ಆದರೂ ತಲೆ ಬಗ್ಗಿಸಿದ. ಮತ್ತೆ ಓಡಿದ. ಎಂಜಲು ಉಗುಳಿ ಉಗುಳಿ ಬಾಯಿ ಒಣಗಿ ಬಂದು ಹತ್ತಿದ.

ನೂರು ಗ್ರಾಂ ಇನ್ನೂ ಉಳಿದಿತ್ತು. ಹತ್ತಾಗಿತ್ತು.

ಮಲಕಪ್ಪ ಆಕೆಯ ಹತ್ತಿರ ಬಂದು ದನಿ ಇಳಿಸಿದ. "ಅಕ್ಕಾ, ಒಂದು ಚಾದ ಕಪ್ಪಿನಷ್ಟು. ಗುಂಡು ಕೂದಲೆಳಿಯಷ್ಟು ಸರಿಸಿದ್ರ ಆತು. ನೀನ ಅಲ್ಲ, ಹತ್ತರಾಗ ಆರು ಅಂದಾಕಿ?"

"ಅವಾ ಇದ್ರ ಅಂದಿದ್ದೆ."

"ಇಷ್ಟು ವರ್ಷದ ಮ್ಯಾಲೆ ಬಂದೈತಿ. ಇನ್ನ ಯಾವಾಗ ಬರ್ತೈತೋ."

ಆಕೆ ಮಾಂತೇಶನನ್ನು ಇಳಿಯಲು ಹೇಳಿ, ಗೂಡಿನಿಂದ ಐದು ಕಿಲೋದ ಕಲ್ಲನ್ನು ಮತ್ತೆ ತಂದು ಹಲಗೆಯ ನಡುವೆ ಇಟ್ಟಳು. ಗುಂಡನ್ನು ಐದಕ್ಕೆ ಸರಿಸಿದಳು. ದಾಂಡಿ ಒಂದೆರಡು ಸಲ ತೂಗಾಡಿ ಸಮ ನಿಂತಿತು.

"ಅದನ್ನ ಮುಂಜಾನೆ ನೋಡೀವೆಲಾ," ಎಂದ ಮಲಕಪ್ಪ.

"ಮತ್ತೊಮ್ಮಿ ನೋಡು."

ಅವನು ನೋಡಲಿಲ್ಲ. ಆಕೆ ಆಟ ನಡೆಸುವವರ ಕಡೆ ತಿರುಗಿ, ಮಾಂತೇಶನ ಹೆಸರು ತೆಗೆಯಿರಿ ಎಂದಳು. ಅನ್ನಪೂರ್ಣಾ ಮಗನ ತಾಯತವನ್ನು ಕೈಯಲ್ಲಿ ಹಿಡಿದು ಅಲ್ಲೇ ನಿಂತಿದ್ದಳು. ಆಕೆ ರಾಜಮಾಬಿಯನ್ನು ನೋಡಿದಳು, ರಾಜಮಾಬಿ ಆಕೆಯನ್ನು ನೋಡಿದಳು. ಹೊಲದಲ್ಲಿ ಮೊದಲ ತುತ್ತು ಯಾರದು ಎಂಬುದು ಇಬ್ಬರಿಗೂ ಗೊತ್ತಿತ್ತು.

ಸಂಜೆಯ ಆಟಕ್ಕೆ ರಾಜಮಾಬಿ ಚೀಲ ಹಿಡಿದು ಹೋಗಿ ತನ್ನ ಜಾಗದಲ್ಲೇ ಕೂತಳು. ಈ ಸಲ ಆಕೆಯ ಪಕ್ಕ ಯಾರೂ ಕೂರಲಿಲ್ಲ. ನಮ್ಮ ಹುಡುಗರು ಕೆಟ್ಟದಾಗಿ ಆಡಲಿಲ್ಲ. ಬೀಗರಿಗೆ ದಾರಿ ಬಿಟ್ಟಂತೆ ಸರಿದಿದ್ದ ಮಲಕಪ್ಪನ ತಂಗಿಯ ಮಗ ಈ ಸಲ ಸರಿಯಲಿಲ್ಲ, ತಂಬೂರದ ಆ ರೇಡರನ ಎಡಗಾಲನ್ನೇ ಎರಡು ಸಲ ಹಿಡಿದು ಕೆಡವಿದ. ಆದರೆ ರೇಡ್ ಹೋಗಿ ಅಂಕ ತರುವವನು ನಮ್ಮಲ್ಲಿ ಇರಲಿಲ್ಲ. ಮುಜಫರ್ ಬಂದವರನ್ನೆಲ್ಲ ಹಿಡಿದ. ರಾಜಮಾಬಿ ದನಿ ಬೀಳುವವರೆಗೆ ಮಿಶ್ರಿಕೋಟಿ, ಮಿಶ್ರಿಕೋಟಿ ಎಂದು ಕೂಗಿದಳು. ಎರಡು ಅಂಕದಿಂದ ಸೋತೆವು.

ಮರುದಿನ ಗಿರಣಿ ತೆರೆದಳು, ಹಲಗೆ ಒರೆಸಿದಳು, ಕಲ್ಲು ಇಟ್ಟಳು. ಸಾಲು ಗಿಡ್ಡವಾಗಿತ್ತು. ಮಲಕಪ್ಪನ ಮನೆಯವರು ಮತ್ತು ಇನ್ನೂ ಕೆಲವರು ಊರಾಚೆಯ ಇನ್ನೊಂದು ಗಿರಣಿಗೆ ಕಾಳು ಒಯ್ಯಲು ಶುರು ಮಾಡಿದ್ದರು. ಮಗಳ ಮನೆ ತಂಬೂರದಾಗ ಐತಿ, ಮತ್ತೇನು ಮಾಡ್ತಾಳ ಎಂಬ ಮಾತು ಬಾವಿಯ ಕಟ್ಟೆಯಲ್ಲೂ ಅಂಗಡಿಯಲ್ಲೂ ಇತ್ತು. ದಾವೂದಸಾಬನ ಕಿವಿಗೆ ಬೀಳುವಷ್ಟು ಗಟ್ಟಿಯಾಗಿಯೇ ಆಡುತ್ತಿದ್ದರು. ಆತ ರೇಗಿ, ಹೋಗಿ ನಾಲ್ಕು ಮಾತು ಕೇಳಿ ಬರುತ್ತೇನೆ ಎಂದ. "ಕುಂಡ್ರು. ಚೀಲ ಹೊಲಿ," ಎಂದಳು ಆಕೆ.

ಒಂದು ಸೋಮವಾರ ಪೂಜೆ ಮುಗಿಸಿ ಜೋಳ ಹೊತ್ತು ಹೋದಾಗ ಗಿರಣಿಯಲ್ಲಿ ನನ್ನ ಬುಟ್ಟಿಯೊಂದೇ ಇತ್ತು. ಹಿಟ್ಟು ಬೀಳುವುದನ್ನು ನೋಡುತ್ತ ಆಕೆ ತಾನಾಗಿಯೇ ಮಾತು ತೆಗೆದಳು.

"ಮುನ್ನೂರರಾಗ ಇನ್ನೂರು ಹುಡುಗ ಓಡಿ ಕಳದ. ಉಳಿದ ನೂರು ನನ್ನ ಕಡಬು."

ಉಳಿದವರೂ ತಿನ್ನಿಸಿದರಲ್ಲ ಎಂದೆ.

"ಅವರು ಆಟ ನೋಡಾವ್ರಲ್ಲ, ಅವರಿಗೇನು ಗೊತ್ತು. ನಾ ತಂಬೂರದ್ದು ಲೆಕ್ಕಾ ಹಾಕಿದೆ, ದುಮ್ಮವಾಡದ್ದು ಹಾಕಿದೆ. ಯಾರ ಮನ್ಯಾಗ ಯಾರು ಒತ್ತಾಯ ಮಾಡ್ತಾರ ಅದನ್ನೂ ಹಾಕಿದೆ. ನನ್ನ ಕೈ ಒಂದು ಬಿಟ್ಟಿದ್ದೆ." ಹಿಟ್ಟನ್ನು ಬುಟ್ಟಿಗೆ ತುಂಬಿ ಮೇಲೆ ಅರಿವೆ ಮುಚ್ಚಿದಳು. "ಜೋಳ ಚಲೋ ಅದಾವ. ಎಲ್ಲಿಯವು?"

ಅದನ್ನು ಆಕೆ ಮತ್ತೆ ಮಾತಾಡಿದ್ದು ನಾನು ಕೇಳಿಲ್ಲ.

ಸಂಕ್ರಾಂತಿಯ ಹೊತ್ತಿಗೆ ಅನ್ನಪೂರ್ಣಾ ಮಗನ ಹೆಗಲ ಮೇಲೆ ಜೋಳದ ಚೀಲ ಹೊರಿಸಿ ಇದೇ ಗಿರಣಿಗೆ ಕಳಿಸಿದಳು. ಮಾಂತೇಶ ಚೀಲ ಇಳಿಸಿ, ರೂಢಿಯಂತೆ ತಾನೂ ಕಾಟಾದ ಮೇಲೆ ನಿಂತ. ತಲೆಗೂದಲು ಅಲ್ಲಲ್ಲಿ ಎದ್ದು ಕೋಳಿಮರಿಯಂತೆ ಕಾಣುತ್ತಿದ್ದ.

"ಅರವತ್ತೆರಡೂವರಿ," ಎಂದಳು ರಾಜಮಾಬಿ. "ಮುಂದಿನ ವರ್ಷ ಅರವತ್ತೈದರ ಆಟಕ್ಕ ಹೋಗು. ಹೊಟ್ಟಿ ಕಟ್ಟಿ ನಿನಗ ಆಡಾಕ ಬರಂಗಿಲ್ಲ."

"ಅವ್ವನೂ ಅದನ್ನ ಅಂದ್ಲು. ನಿಮ್ಮನ್ನ ಕೇಳಿ ಬಾ ಅಂದ್ಲು." ಅವನು ಇಳಿದು ಚಪ್ಪಲಿ ಹಾಕಿಕೊಂಡ. "ಚಾಚಿ, ಫೈನಲ್ ನೋಡಾಕ ನಾವೆಲ್ಲಾ ಬಸ್ಸಿಗೆ ಹೊಂಟೀವಿ. ಬರ್ತೀರಿಲ್ಲೋ?"

"ನಿಮ್ಮ ಮಲಕಪ್ಪ ಬರ್ತಾನೋ?"

"ಬರ್ತಾನ. ಮಾತಾಡಂಗಿಲ್ಲ ಅಂದಾನ."

"ಮಾತಾಡದಿದ್ರ ಚಲೋನ ಆತು. ಆಟ ನೋಡಾಕ ಬರ್ತೈತಿ."

ಫೈನಲಿಗೆ ಎರಡು ದಿನ ಉಳಿದಾಗ ಮುಜಫರ್ ಬೈಕಿನ ಮೇಲೆ ಬಂದ. ಆಗ ಸಾಲು ಮೊದಲಿನಷ್ಟಲ್ಲದಿದ್ದರೂ ಬಾಗಿಲವರೆಗೆ ಬಂದಿತ್ತು. ಚಪ್ಪಲಿ ಕಳೆದು ಹತ್ತಿ ನಿಂತು, ಗುಂಡು ಸರಿಯುವುದನ್ನು ನೋಡುತ್ತ ಕೇಳಿದ. "ಖಾಲಾ, ನಮ್ಮದು ಹೆಂಗೈತಿ?"

"ತೂಕ ಸರಿ ಐತಿ."

"ತೂಕ ಅಲ್ರಿ, ಆಟ."

ಆಕೆ ಸಾಲಿನವರಿಗೆ ಕೇಳಿಸುವಂತೆಯೇ ಹೇಳಿದಳು. "ಇನ್ನೊಂದು ಗುಂಪಿನಾಗ ಗೆದ್ದಾವ್ರು ರೇಡಿಗೆ ಮೂರು ಮಂದಿ ಇಟ್ಟಾರ. ನಿಮ್ಮಲ್ಲಿ ಒಬ್ಬ, ಅವನೂ ಕುಂಟ್ತಾನ. ನೀ ಹಿಡದಷ್ಟೂ ನಿಮ್ಮದು. ಹತ್ತರಾಗ ನಾಕು ಪಾಲು ನಿಮಗ. ಅದಕ್ಕಿಂತ ಹೆಚ್ಚು ಅಂದ್ರ ಸುಳ್ಳಾಗತೈತಿ."

ಮುಜಫರ್ ನಕ್ಕ. "ಹೋದ ವರ್ಷ ದುಮ್ಮವಾಡಕ್ಕ ಎಷ್ಟು ಪಾಲು ಕೊಟ್ಟಿದ್ರಿ?"

ಸಾಲಿನಲ್ಲಿ ನಗು ಎದ್ದಿತು. ಆಕೆಯೂ ನಕ್ಕಳು.

ಅವನು ಇಳಿಯದೆ ಅಲ್ಲೇ ನಿಂತು ಹೇಳಿದ. "ಖಾಲಾ, ನಾವು ಟೆಂಪೋ ಮಾಡೀವಿ. ಒಂದು ಸುತ್ತು ಹಾಕಿ ಈ ಕಡೆ ಬಂದು ನಿಮ್ಮನ್ನ ಕರಕೊಂಡು ಹೋಗ್ತೀವಿ. ಮುಂದಿನ ಸೀಟು ನಿಮಗ. ರುಬಿಯಾ ಭಾಬೀನೂ ಬರ್ತಾಳ. ಅಲ್ಲಿ ಗೆರಿ ಬಾಜೂಕ ಕುರ್ಚಿ ಹಾಕಾಕ ಹೇಳೀನಿ. ಬಸ್ಸಿನ ಗದ್ದಲದಾಗ ನೀವ್ಯಾಕ ನಿಂತು ಬರಬೇಕು?"

ಸಾಲಿನವರು ಕತ್ತು ಚಾಚಿ ಆಕೆಯ ಕಡೆ ನೋಡಿದರು. ಅದನ್ನು ಕಂಡು ಕಟ್ಟೆಯ ಮೇಲಿನ ದಾವೂದಸಾಬನ ಸೂಜಿಯೂ ನಿಂತಿತು. ರಾಜಮಾಬಿ ದಾಂಡಿಯ ಮೇಲಿನ ಗುಂಡನ್ನು ಮೆಲ್ಲಗೆ ಸೊನ್ನೆಗೆ ತಂದಳು.

"ಬ್ಯಾಡಪಾ. ನಿಮ್ಮ ಟೆಂಪೋದಾಗ ಬಂದ್ರ ನಿಮ್ಮ ಕಡೆ ಒದರಬೇಕಾಕ್ಕೈತಿ. ನಮ್ಮ ಹುಡುಗ್ರು ಬಸ್ಸಿಗೆ ಹೊಂಟಾರ, ನಾ ಅವರ ಕೂಡ ಬರ್ತೀನಿ."

"ಕುರ್ಚಿನರ ಇರಲಿ?"

"ಚೀಲ ಐತಿ. ಇಳಿ ಕೆಳಗ, ಮಂದಿ ನಿಂತಾರ."